ಮಾಯಾಬಜಾರಿನ ಮದುವೆ ಮನೆ

‘ಸಂಸಾರ ಸಮೇತ ನೋಡಿ ಆನಂದಿಸಿರಿ’ ಎಂಬ ಮಾತು ಗೋಡೆಗೋಡೆಯ ಭಿತ್ತಿಪತ್ರಗಳಲ್ಲಿ ಸವೆದು ಸವೆದು ತನ್ನ ಅರ್ಥವನ್ನೇ ಕಳೆದುಕೊಂಡುಬಿಟ್ಟಿದೆ. ಸಂಸಾರ ಸಮೇತರಾಗಿ ಹೋದವರಲ್ಲಿ ಮಕ್ಕಳು ನಗುವ ಹೊತ್ತಿಗೆ ಹಿರಿಯರು ಆಕಳಿಸುವುದು, ಹಿರಿಯರು ಸೆರಗಿನಿಂದ ಕಣ್ಣೊರಸಿಕೊಳ್ಳುವ ಹೊತ್ತಿಗೆ ಮಕ್ಕಳು ಕಡಲೆಕಾಯಿಗೆ ಹಟ ಹಿಡಿಯುವುದು, ಇದೇ ಚಿತ್ರಮಂದಿರಗಳ ನಿತ್ಯದ ಅನುಭವ. ಅಜ್ಜಿಯನ್ನೂ ಮೊಮ್ಮಗಳನ್ನೂ ಒಂದೇ ಬೆಂಚಿನ ಮೇಲೆ ಮೂರು ಗಂಟೆಗಳ ಕಾಲ ಮಿಸುಕದಂತೆ ಕೂರಿಸುವ ಚಿತ್ರ ತಲೆಮಾರಿಗೊಂದು ಹುಟ್ಟಿದರೂ ಅದು ಪುಣ್ಯವೇ ಸರಿ. 1957ರ ಮಾರ್ಚ್ 27ರಂದು ತೆಲುಗಿನಲ್ಲಿ, ಮುಂದಿನ ತಿಂಗಳು ತಮಿಳಿನಲ್ಲಿ ತೆರೆಕಂಡ ‘ಮಾಯಾಬಜಾರ್’ ಅಂಥ ಅಪರೂಪದ ಚಿತ್ರಗಳಲ್ಲಿ ಒಂದು. ಅದನ್ನು ಮೊದಲ ವಾರದಲ್ಲಿ ನೋಡಿದ ಬಾಲಕರು ಇಂದು ಮುತ್ತಜ್ಜಂದಿರಾಗಿದ್ದಾರೆ. ಆದರೂ ಯಾವುದೋ ಭಾನುವಾರದ ಮಧ್ಯಾಹ್ನ ದೂರದರ್ಶನದ ಪೆಟ್ಟಿಗೆಯಲ್ಲಿ ಘಟೋತ್ಕಚನ ನಗು ಕೇಳಿಸಿತೆಂದರೆ, ಅಡಿಗೆಯ ಮನೆಯಲ್ಲಿದ್ದವರು ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಬರುತ್ತಾರೆ.

ಈ ಆಕರ್ಷಣೆಗೆ ಕಾರಣವೇನೆಂದು ಕೇಳಿದರೆ, ಹತ್ತರಲ್ಲಿ ಒಂಬತ್ತು ಮಂದಿ ಮದುವೆಯ ಊಟದ ದೃಶ್ಯವನ್ನು ಹೇಳುತ್ತಾರೆ. ಅದು ಸಹಜವೂ ಹೌದು. ನೂರಾರು ಮಂದಿಗೆಂದು ಸಿದ್ಧವಾದ ಭಕ್ಷ್ಯಭೋಜ್ಯಗಳ ನಡುವೆ ಘಟೋತ್ಕಚನೊಬ್ಬನೇ ಕಾಲು ಚಾಚಿ ಕುಳಿತಿದ್ದಾನೆ. ಲಾಡುಗಳು ತಟ್ಟೆಯಿಂದ ತಾವಾಗಿ ಎದ್ದು, ಗಾಳಿಯಲ್ಲಿ ತೇಲಿ, ಅವನ ಬಾಯನ್ನು ಹುಡುಕಿಕೊಂಡು ಬರುತ್ತವೆ. ಎಸ್.ವಿ. ರಂಗರಾಯರ ಆ ಭೀಮಕಾಯ, ಮಾಧವಪೆದ್ದಿ ಸತ್ಯಂ ಅವರ ತುಂಬುಕಂಠ, ಘಂಟಸಾಲ ಅವರ ಸಂಗೀತ ಸೇರಿ ಆ ಹಾಡು ಭಾಷೆಯ ಗಡಿಯನ್ನು ದಾಟಿತು. ಕನ್ನಡಕ್ಕೆ ಡಬ್ ಆಗಿ ಬಂದ ‘ಮಾಯಾಬಜಾರ್’ನಲ್ಲಿ ಆ ಹಾಡಿನ ಕನ್ನಡ ರೂಪ ಎಷ್ಟು ಮನೆಮಾತಾಯಿತೆಂದರೆ, ಕನ್ನಡನಾಡಿನ ಮದುವೆಗಳಲ್ಲಿ ಎಲೆಯ ಮುಂದೆ ಕುಳಿತ ಚಪಲಚಿತ್ತರು ಅದರ ಮೊದಲ ಸಾಲನ್ನು ಗುನುಗದೆ ಕೈತೊಳೆದದ್ದಿಲ್ಲ. ಡಬ್ಬಿಂಗಿನ ವಿರುದ್ಧ 1960ರ ದಶಕದಲ್ಲಿ ಕನ್ನಡಿಗರು ನಡೆಸಿದ ಚಳವಳಿಯನ್ನು ಮನಸಾರೆ ಬೆಂಬಲಿಸಿದವರ ಮನೆಗಳಲ್ಲೂ ಈ ಹಾಡೊಂದಕ್ಕೆ ವಿನಾಯಿತಿ ಇದ್ದಿತು!

ಆದರೆ ಲಾಡುಗಳು ಹಾರಿದ ಮಾತ್ರಕ್ಕೆ ಚಿತ್ರವೊಂದು ಇಷ್ಟು ಕಾಲ ಬಾಳುವುದಿಲ್ಲ. ಇದಕ್ಕಿಂತ ದೊಡ್ಡ ಇಂದ್ರಜಾಲಗಳನ್ನು ತೋರಿದ ಎಷ್ಟೋ ಚಿತ್ರಗಳು ಹೇಳಹೆಸರಿಲ್ಲದೆ ಅಡಗಿಹೋಗಿವೆ. ಇಂದು ಗಣಕಯಂತ್ರದ ಮುಂದೆ ಕುಳಿತ ತರುಣನೊಬ್ಬ ಅರ್ಧ ದಿನದಲ್ಲಿ ಲಾಡುಗಳನ್ನಷ್ಟೇ ಅಲ್ಲ, ಇಡೀ ಅಡಿಗೆಯ ಮನೆಯನ್ನೇ ಹಾರಿಸಬಲ್ಲ. ಅದನ್ನು ನೋಡಿ ಮಗು ಒಂದು ಬಾರಿ ಚಪ್ಪಾಳೆ ತಟ್ಟೀತು. ಎರಡನೆಯ ಬಾರಿ ಎದ್ದು ಹೋದೀತು. ‘ಮಾಯಾಬಜಾರ್’ನ ಮಾಯೆಯ ಕೆಳಗೆ ಬೇರೊಂದು ವಸ್ತುವಿದೆ. ಅದನ್ನು ಕಾಣಬೇಕಾದರೆ ಘಟೋತ್ಕಚನು ತೆರೆಯ ಮೇಲೆ ಬರುವುದಕ್ಕೆ ಮೊದಲಿನ ಭಾಗವನ್ನು, ಮಕ್ಕಳು ಸಾಮಾನ್ಯವಾಗಿ ಗಮನಿಸದ ಆ ಭಾಗವನ್ನು, ಇನ್ನೊಮ್ಮೆ ನೋಡಬೇಕು.

ಕಥೆ ಎಲ್ಲರಿಗೂ ತಿಳಿದದ್ದೇ. ಬಲರಾಮ ರೇವತಿಯರ ಮಗಳು ಶಶಿರೇಖೆ. ಸುಭದ್ರೆಯ ಮಗ ಅಭಿಮನ್ಯು. ಸೋದರಮಾವನ ಮಗಳು, ಸೋದರತ್ತೆಯ ಮಗ. ಮಕ್ಕಳು ಚಿಕ್ಕವರಿದ್ದಾಗಲೇ ಹಿರಿಯರು ಮಾತು ಕೊಟ್ಟುಕೊಂಡಿದ್ದಾರೆ. ಅಷ್ಟರಲ್ಲಿ ಪಾಂಡವರು ಜೂಜಿನಲ್ಲಿ ರಾಜ್ಯ ಕಳೆದುಕೊಂಡು ಕಾಡಿಗೆ ಹೋಗುತ್ತಾರೆ. ಸುಭದ್ರೆ ಮಗನೊಡನೆ ತವರಿಗೆ ಬರುತ್ತಾಳೆ. ಮೊದಲಿಗೆ ಬಲರಾಮನಿಗೆ ಕೌರವರ ಮೇಲೆ ಕಡುಕೋಪ. ನ್ಯಾಯ ಕೇಳುವೆನೆಂದು ಹಸ್ತಿನಾವತಿಗೆ ಹೋದ ಆ ಸರಳ ಮನುಷ್ಯನನ್ನು ದುರ್ಯೋಧನ ಶಕುನಿಯರು ಹೊಗಳಿ ಹೊನ್ನಶೂಲಕ್ಕೇರಿಸುತ್ತಾರೆ. ಹಿಂದಿರುಗುವ ಹೊತ್ತಿಗೆ ಅವನು ಮಗಳನ್ನು ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ಕೊಡುವುದಾಗಿ ಒಪ್ಪಿಕೊಂಡು ಬಂದಿರುತ್ತಾನೆ.

ಮುಂದಿನ ದೃಶ್ಯಗಳಲ್ಲಿ ಗದೆಯಿಲ್ಲ, ಮಂತ್ರವಿಲ್ಲ. ತವರಿಗೆ ಬಂದು ನಿಂತ ಒಬ್ಬ ಹೆಣ್ಣುಮಗಳಿದ್ದಾಳೆ. ಅತ್ತಿಗೆಯ ಮುಖ ಬದಲಾಗಿದೆ. ನಿನ್ನೆಯವರೆಗೂ ಅಭಿಮನ್ಯುವನ್ನು ಅಳಿಯನೆಂದು ಆದರಿಸಿದ ರೇವತಿಗೆ ಇಂದು ಅವನು ದಿಕ್ಕಿಲ್ಲದವರ ಮಗ. ಕೊಟ್ಟ ಮಾತನ್ನು ಸುಭದ್ರೆ ನೆನಪಿಸಿದರೆ ಅದೇ ಅಪರಾಧವಾಗುತ್ತದೆ. ಋಷ್ಯೇಂದ್ರಮಣಿ ಅವರ ಸುಭದ್ರೆ ಇಲ್ಲಿ ಗೋಳಾಡುವುದಿಲ್ಲ. ರಾಜಪುತ್ರಿಯ ಗತ್ತನ್ನು ಬಿಡದೆ, ಒಳಗೇ ಬೇಯುತ್ತಾಳೆ. ಛಾಯಾದೇವಿ ಅವರ ರೇವತಿಯೋ, ಕೆಟ್ಟವಳಲ್ಲ. ಮಗಳು ದೊಡ್ಡ ಮನೆ ಸೇರಲೆಂಬ ತಾಯಿ, ಅಷ್ಟೆ. ಇಂಥ ಅತ್ತಿಗೆಯನ್ನು ಕಾಣದ ಮನೆ ಯಾವುದು? ಗಂಡನಿಗೆ ಕೆಲಸ ಹೋದ ವರ್ಷ ತವರಿಗೆ ಹೋಗಿ, ಎರಡನೆಯ ವಾರದಲ್ಲಿ ಕಾಫಿಯ ಲೋಟ ಇಡುವ ಸದ್ದಿನಲ್ಲೇ ವ್ಯತ್ಯಾಸವನ್ನು ಗುರುತಿಸಿದ ಹೆಣ್ಣುಮಕ್ಕಳಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಬಲರಾಮನಾಗಿ ನಟಿಸಿದ ಗುಮ್ಮಡಿಯವರಲ್ಲಿಯೂ ಪ್ರೇಕ್ಷಕರು ತಮ್ಮ ಮನೆಯ ಒಬ್ಬ ದೊಡ್ಡಪ್ಪನನ್ನೋ ಸೋದರಮಾವನನ್ನೋ ಕಂಡಿರಲೇಬೇಕು: ಹೃದಯ ಒಳ್ಳೆಯದು, ಕೋಪ ಮೂಗಿನ ತುದಿಯಲ್ಲಿ, ಹೊಗಳಿಕೆಗೆ ಮಾತ್ರ ಬೆಣ್ಣೆಯಂತೆ ಕರಗುವವನು.

ಚಿತ್ರದಲ್ಲಿ ಪಾಂಡವರು ಐವರಲ್ಲಿ ಒಬ್ಬರೂ ಕಾಣಿಸಿಕೊಳ್ಳುವುದಿಲ್ಲ. ಮಹಾಭಾರತದ ಚಿತ್ರದಲ್ಲಿ ಪಾಂಡವರೇ ಇಲ್ಲವೆಂದರೆ ಕೇಳಿದವರು ನಗಬೇಕು. ಆದರೆ ಈ ಅನುಪಸ್ಥಿತಿಯಿಂದಲೇ ಕಥೆ ರಣರಂಗದಿಂದ ನಡುಮನೆಗೆ ಸರಿದಿದೆ. ಗಂಡ ಊರಲ್ಲಿಲ್ಲದ ಹೆಂಗಸು, ತಂದೆ ಜೊತೆಗಿಲ್ಲದ ಮಗ, ಅಣ್ಣನ ಮನೆ: ಇಷ್ಟೇ ಉಳಿದಿದೆ. ಅರ್ಜುನನೊಮ್ಮೆ ಗಾಂಡೀವ ಹಿಡಿದು ಬಂದಿದ್ದರೆ ಸುಭದ್ರೆಯ ಸಂಕಟಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ವ್ಯಾಸಭಾರತದಲ್ಲಿ ಈ ಕಥೆಯ ಸುಳಿವೇ ಇಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಅಭಿಮನ್ಯು ಕೈಹಿಡಿದದ್ದು ವಿರಾಟನ ಮಗಳಾದ ಉತ್ತರೆಯನ್ನು. ಶಶಿರೇಖೆ ಎಂಬ ಹೆಸರೇ ಅಲ್ಲಿ ಇಲ್ಲ. ಜನಪದವು ಇವಳನ್ನು ಸೃಷ್ಟಿಸಿಕೊಂಡು ನಾಡುನಾಡಿಗೆ ಒಂದೊಂದು ಹೆಸರಿಟ್ಟಿತು. ತಮಿಳಿನಲ್ಲಿ ಅವಳು ವತ್ಸಲೆ; ಮರಾಠಿಗರಲ್ಲಿ ವತ್ಸಲೆ, ಸುರೇಖೆ ಎಂಬ ಎರಡು ಹೆಸರುಗಳೂ ಉಂಟು; ನಮ್ಮ ಯಕ್ಷಗಾನದಲ್ಲಿ ಕನಕಾಂಗಿ. ‘ಕನಕಾಂಗಿ ಕಲ್ಯಾಣ’ವನ್ನು ರಾತ್ರಿಯೆಲ್ಲ ಕುಳಿತು ನೋಡಿದ ಕರಾವಳಿಯ ಹಳ್ಳಿಗನಿಗೆ ‘ಮಾಯಾಬಜಾರ್’ ಹೊಸ ಕಥೆಯಾಗಿರಲಾರದು. ಆಂಧ್ರದಲ್ಲಿ ಸುರಭಿ ನಾಟಕ ಮಂಡಳಿಗಳು ಹಗ್ಗ, ಗಾಲಿ, ಪರದೆಗಳ ಯುಕ್ತಿಯಿಂದಲೇ ಘಟೋತ್ಕಚನ ಮಾಯೆಯನ್ನು ರಂಗದ ಮೇಲೆ ತೋರಿಸುತ್ತ ಬಂದಿದ್ದವು.

ಈ ಜನಪದ ಕವಿಯ ಜಾಣತನವನ್ನು ಮೆಚ್ಚಬೇಕಾದದ್ದು ಇನ್ನೊಂದು ಕಾರಣಕ್ಕೆ. ಹಿಂದೆ ತಂಗಿ ಸುಭದ್ರೆಯನ್ನು ಕೂಡ ಬಲರಾಮನು ದುರ್ಯೋಧನನಿಗೇ ಕೊಡಬೇಕೆಂದಿದ್ದನೆಂದು ಭಾಗವತ ಹೇಳುತ್ತದೆ. ಆಗಲೂ ಅರ್ಜುನ ಅವಳನ್ನು ಕರೆದೊಯ್ದುದು ಕೃಷ್ಣನ ಅನುಮತಿಯಿಂದ. ಅರ್ಜುನನೂ ಸುಭದ್ರೆಗೆ ಪರಕೀಯನಲ್ಲ, ಸೋದರತ್ತೆ ಕುಂತಿಯ ಮಗ. ಎಂದರೆ ಶಶಿರೇಖೆಯ ಮದುವೆ ಸುಭದ್ರೆಯ ಮದುವೆಯ ಮರುಪ್ರದರ್ಶನವೇ! ಅದೇ ಅಣ್ಣ, ಅದೇ ಹಟ, ಅದೇ ಕೌರವರ ಸಂಬಂಧ, ಮುಗುಳ್ನಗುತ್ತ ಬೇರೆ ಕಡೆ ನೋಡುವ ಅದೇ ತಮ್ಮ. ಒಂದು ಮನೆತನದಲ್ಲಿ ಅತ್ತೆಗೆ ಆದದ್ದೇ ಸೊಸೆಗೂ ಆಗುತ್ತದೆಂಬುದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲರು; ಕಥೆ ಕಟ್ಟಿದವರೂ ಅಂಥ ಅಜ್ಜಿಯರೇ ಇದ್ದಿರಬಹುದು.

ನಿರ್ದೇಶಕ ಕೆ.ವಿ. ರೆಡ್ಡಿಯವರು ಈ ಮನೆವಾರ್ತೆಯನ್ನು ಕೆಡಿಸದೆ ಅದರ ಮೇಲೆ ಮಾಯೆಯನ್ನು ಹೊದಿಸಿದರು. ‘ಪಾತಾಳಭೈರವಿ’ಯಿಂದ 1951ರಲ್ಲೇ ಹೆಸರು ಮಾಡಿದ್ದ ಅವರಿಗೆ ಒಂದು ಗುಟ್ಟು ತಿಳಿದಿತ್ತು: ಮಾಯೆಯು ಮನುಷ್ಯನ ಆಸೆಯ ದಾರಿಯಲ್ಲೇ ನಡೆಯಬೇಕು. ಪ್ರಿಯದರ್ಶಿನಿ ಎಂಬ ಪೆಟ್ಟಿಗೆಯನ್ನು ತೆರೆದವರಿಗೆ ಅವರವರ ಪ್ರಿಯರ ರೂಪ ಕಾಣುತ್ತದೆ. ಶಶಿರೇಖೆ ತೆರೆದರೆ ಅಭಿಮನ್ಯು. ಇಂದಿನ ಮಕ್ಕಳು ಅದನ್ನು ನೋಡಿ ‘ವಿಡಿಯೋ ಕಾಲ್’ ಎಂದು ಕೂಗುತ್ತಾರೆ. ಕೂಗಲಿ. ದೂರದ ಅಮೆರಿಕದಲ್ಲಿರುವ ಮಗನ ಮುಖವನ್ನು ಅಂಗೈಯ ಪೆಟ್ಟಿಗೆಯಲ್ಲಿ ನೋಡುವ ತಾಯಿಗೆ ಪ್ರಿಯದರ್ಶಿನಿ ಎಂಬ ಹೆಸರು ಇನ್ನೂ ಹೆಚ್ಚು ಒಪ್ಪುತ್ತದೆ. ಸತ್ಯಪೀಠದ ಮೇಲೆ ನಿಂತವರು ಮನಸ್ಸಿನಲ್ಲಿದ್ದುದನ್ನು ಮರೆಮಾಚಲಾರದೆ ಹೇಳಿಬಿಡುತ್ತಾರೆ. ಕೊನೆಯಲ್ಲಿ ಶಕುನಿಯೇ ಅದರ ಮೇಲೆ ನಿಂತು ತನ್ನ ಕುತಂತ್ರವನ್ನು ಬಾಯಾರೆ ಒಪ್ಪಿಕೊಳ್ಳುತ್ತಾನೆ. ಬೀಗರ ಮನೆಯವರನ್ನು ಒಮ್ಮೆ ಇಂಥ ಪೀಠದ ಮೇಲೆ ನಿಲ್ಲಿಸಬೇಕೆಂದು ಬಯಸದ ಹೆಣ್ಣಿನ ತಂದೆ ಈ ಲೋಕದಲ್ಲಿರಲಾರ.

ಘಟೋತ್ಕಚನ ಪಾತ್ರವೂ ಇದೇ ಆಸೆಯಿಂದ ಹುಟ್ಟಿದ್ದು. ರಂಗರಾಯರು ಅವನನ್ನು ಕೋರೆಹಲ್ಲಿನ ರಕ್ಕಸನನ್ನಾಗಿ ಮಾಡಲಿಲ್ಲ. ದ್ವಾರಕೆಯ ಸಭ್ಯ ಜನರು ಕೈಬಿಟ್ಟ ಚಿಕ್ಕಮ್ಮನನ್ನು ಕಾಡಿನಲ್ಲಿ ಕಂಡು, ಗುರುತು ತಿಳಿದೊಡನೆ ಕಾಲಿಗೆರಗುವವನು ಈ ಅಸುರ. ಅವಳಿಗಾದ ಅವಮಾನವನ್ನು ಕೇಳಿ ದ್ವಾರಕೆ ಹಸ್ತಿನಾವತಿಗಳೆರಡನ್ನೂ ಮುಗಿಸುವೆನೆಂದು ಏಳುತ್ತಾನೆ. ಹಿರಿಯರು ಬೇಡವೆಂದೊಡನೆ ತಗ್ಗುತ್ತಾನೆ. ನಗರದಲ್ಲಿ ನೆಂಟಸ್ತಿಕೆ ಹಣದ ಮುಖ ನೋಡುವಾಗ ಅಡವಿಯಲ್ಲಿ ಅದು ಇನ್ನೂ ಬದುಕಿದೆ. ಕಷ್ಟಕಾಲದಲ್ಲಿ ಆಗಿಬರುವವರು ಮೈಸೂರು ಪೇಟದ ದೊಡ್ಡವರಲ್ಲ, ಹಳ್ಳಿಯಿಂದ ಅಕ್ಕಿಯ ಮೂಟೆ ಹೊತ್ತು ಬರುವ ಒರಟು ಬಂಧುಗಳು ಎಂಬುದನ್ನು ಅನುಭವದಿಂದ ಬಲ್ಲ ಪ್ರೇಕ್ಷಕರು ಘಟೋತ್ಕಚನನ್ನು ಕಂಡಕೂಡಲೇ ಗುರುತಿಸಿದರು.

ಅವನ ಪರಿವಾರದ ಭಾಷೆಯ ಸೊಗಸನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪಿಂಗಳಿ ನಾಗೇಂದ್ರರಾಯರು ಬರೆದ ಸಂಭಾಷಣೆಯಲ್ಲಿ ಅಸುರರು ಸಂಸ್ಕೃತವನ್ನು ಕಲಿಯಲು ಹೆಣಗುತ್ತಾರೆ. ನಾಲಿಗೆ ಹೊರಳದೆ ಶಬ್ದಗಳು ಮುರಿದು ಹೊಸ ಶಬ್ದಗಳಾಗುತ್ತವೆ. ಕಂಬಳಿಯ ಜೊತೆಗೆ ಗಿಂಬಳಿ, ತಲ್ಪದ ಜೊತೆಗೆ ಗಿಲ್ಪ ಹುಟ್ಟುತ್ತವೆ. ಯಾರಾದರೂ ಹುಟ್ಟಿಸದೆ ಶಬ್ದಗಳು ಹುಟ್ಟುವುದಾದರೂ ಹೇಗೆಂದು ಘಟೋತ್ಕಚನು ಅವಕ್ಕೆ ರಾಜಮುದ್ರೆ ಒತ್ತುತ್ತಾನೆ. ಭಾಷಾಶಾಸ್ತ್ರದ ದಪ್ಪ ಗ್ರಂಥಗಳು ನೂರು ಪುಟಗಳಲ್ಲಿ ಹೇಳಲು ತಿಣುಕುವುದನ್ನು ಈ ರಾಕ್ಷಸ ಒಂದು ಗಳಿಗೆಯಲ್ಲಿ ಮುಗಿಸಿದ. ‘ದುಷ್ಟಚತುಷ್ಟಯ’ದಂಥ ಪದಗಳು ಈ ಚಿತ್ರದ ದೆಸೆಯಿಂದ ತೆಲುಗರ ದಿನಬಳಕೆಯ ಮಾತಿನಲ್ಲಿ ನೆಲೆನಿಂತಿವೆ.

ನಟನೆಯ ಮಾತಿಗೆ ಬಂದರೆ ಅಗ್ರತಾಂಬೂಲ ಸಾವಿತ್ರಿಗೆ. ನಿಜವಾದ ಶಶಿರೇಖೆಯನ್ನು ಮಂಚದ ಸಮೇತ ಆಕಾಶಮಾರ್ಗದಲ್ಲಿ ಸಾಗಿಸಿದ ಘಟೋತ್ಕಚನು ತಾನೇ ಶಶಿರೇಖೆಯ ರೂಪ ತಾಳಿ ಅಂತಃಪುರದಲ್ಲಿ ಕೂರುತ್ತಾನೆ. ಎಂದರೆ ಸಾವಿತ್ರಿ ಈಗ ಶಶಿರೇಖೆಯಲ್ಲ. ಶಶಿರೇಖೆಯಂತೆ ನಟಿಸುತ್ತಿರುವ ರಂಗರಾವ್! ವೇಷ ಬದಲಾಗಿಲ್ಲ, ಒಡವೆ ಬದಲಾಗಿಲ್ಲ. ಆದರೆ ನಡಿಗೆಯಲ್ಲಿ ಗದೆ ಹೊತ್ತವನ ಠೀವಿ ನುಸುಳುತ್ತದೆ. ಎದೆ ಉಬ್ಬುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಮರುಕ್ಷಣ ಯಾರೋ ಬಂದ ಸಪ್ಪಳಕ್ಕೆ ಎಚ್ಚೆತ್ತು ಸೆರಗಿನ ಮರೆಯಲ್ಲಿ ನಾಚಿಕೆ ಮರಳುತ್ತದೆ. ಯಾವ ಛಾಯಾಗ್ರಹಣದ ಯುಕ್ತಿಯೂ ಇಲ್ಲದ ಈ ಮಾಯೆಗೆ ಸಾಟಿಯಾದುದು ಚಿತ್ರದಲ್ಲಿ ಬೇರೊಂದಿಲ್ಲ. ಅವಳ ಪಕ್ಕದಲ್ಲಿ ಪೆಚ್ಚುಮೋರೆಯ ಮದುಮಗನಾಗಿ ರೇಲಂಗಿ. ಪಾಪ, ಅವನ ಪಾಡು ನಗು ತರಿಸುವಷ್ಟೇ ಕನಿಕರವನ್ನೂ ತರಿಸುತ್ತದೆ.

ದೋಷಗಳಿಲ್ಲವೆ? ಇವೆ. ಮೊದಲ ಭಾಗ ನಿಧಾನ. ಪ್ರೇಮಗೀತೆಗಳಲ್ಲಿ ಒಂದು ಕಡಮೆಯಾಗಿದ್ದರೆ ಯಾರಿಗೂ ನಷ್ಟವಿರುತ್ತಿರಲಿಲ್ಲ. ಅಕ್ಕಿನೇನಿ ನಾಗೇಶ್ವರರಾಯರು ಆ ವೇಳೆಗೆ ಮೂವತ್ತು ದಾಟಿದ್ದರು. ಅವರನ್ನು ಮೀಸೆ ಮೂಡುತ್ತಿರುವ ಅಭಿಮನ್ಯುವೆಂದು ನಂಬಲು ಸ್ವಲ್ಪ ಔದಾರ್ಯ ಬೇಕು. ಆದರೆ ದೋಣಿಯ ಹಾಡು ಬಂದಾಗ ಈ ಆಕ್ಷೇಪಣೆಗಳು ನೀರಿನಲ್ಲಿ ತೇಲಿಹೋಗುತ್ತವೆ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್‌ಲೆಯವರು ಆಕಾಶದ ಚಂದ್ರನ ಹಂಗಿಲ್ಲದೆ ಸೃಷ್ಟಿಸಿದ ಆ ಬೆಳದಿಂಗಳು, ಕಪ್ಪುಬಿಳುಪಿನ ಯುಗ ಮುಗಿದ ಮೇಲೂ ಮಾಸಿಲ್ಲ. 2010ರಲ್ಲಿ ಈ ಚಿತ್ರಕ್ಕೆ ಯಂತ್ರದ ಸಹಾಯದಿಂದ ಬಣ್ಣ ತುಂಬಿ, ಕೊಂಚ ಕತ್ತರಿಸಿ ಮತ್ತೆ ಬಿಡುಗಡೆ ಮಾಡಿದರು. ಹೊಸ ಪೀಳಿಗೆ ಅದನ್ನೂ ಮೆಚ್ಚಿ ನೋಡಿತು, ಸಂತೋಷ. ಆದರೆ ಆ ಬೆಳದಿಂಗಳಿಗೆ ಬಣ್ಣದ ಅಗತ್ಯವಿರಲಿಲ್ಲ.

ಚಿತ್ರವನ್ನು ತಯಾರಿಸಿದ ವಿಜಯಾ ಸಂಸ್ಥೆಯ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಕನ್ನಡದ ಮಕ್ಕಳಿಗೆ ಮೊದಲೇ ಪರಿಚಿತರು. 1949ರಿಂದ ಕನ್ನಡದಲ್ಲೂ ಬಂದ ‘ಚಂದಮಾಮ’ ಅವರದೇ. ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಆ ಪತ್ರಿಕೆಯ ಮುಖಪುಟಗಳಿಗೆ ಬರೆದ ಮಹಾಭಾರತದ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡ ಮನೆಗಳೆಷ್ಟೋ! ಮಕ್ಕಳಿಗೆ ಕಥೆ ಹೇಳುವುದು ಹೇಗೆಂದು ತಿಂಗಳು ತಿಂಗಳೂ ಅಭ್ಯಾಸ ಮಾಡಿದವರ ಕೈವಾಡ ‘ಮಾಯಾಬಜಾರ್’ನಲ್ಲಿ ಎದ್ದು ಕಾಣುತ್ತದೆ. ಅವರು ಮಕ್ಕಳನ್ನು ಎಲ್ಲಿಯೂ ಹೆದರಿಸುವುದಿಲ್ಲ, ಹಿರಿಯರನ್ನು ಎಲ್ಲಿಯೂ ಮಕ್ಕಳೆಂದು ಎಣಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ಚಿತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಹಾಭಾರತವನ್ನು ಬಲ್ಲ ಹಿರಿಯರು ಮಾತ್ರ ಕತ್ತಲೆಯಲ್ಲಿ ಕುಳಿತು ಅದನ್ನು ನೆನೆಯುತ್ತಾರೆ. ಈ ಮದುವೆಯ ಸಂಭ್ರಮದಲ್ಲಿ ಓಡಾಡುವ ತರುಣರು ಮೂವರು: ಅಭಿಮನ್ಯು, ಘಟೋತ್ಕಚ, ಲಕ್ಷ್ಮಣಕುಮಾರ. ಕುರುಕ್ಷೇತ್ರದ ಹದಿಮೂರನೆಯ ದಿನ ಲಕ್ಷ್ಮಣಕುಮಾರನು ಅಭಿಮನ್ಯುವಿನ ಬಾಣಕ್ಕೆ ಬೀಳುತ್ತಾನೆ. ಅದೇ ದಿನ ಚಕ್ರವ್ಯೂಹದೊಳಗೆ ಅಭಿಮನ್ಯು. ಮರುದಿನದ ರಾತ್ರಿಯುದ್ಧದಲ್ಲಿ ಕರ್ಣನ ಶಕ್ತ್ಯಾಯುಧಕ್ಕೆ ಘಟೋತ್ಕಚ. ಎರಡು ದಿನಗಳೊಳಗೆ ಮೂವರೂ ಇಲ್ಲ. ಲಾಡು ತಿಂದವನೂ ಇಲ್ಲ, ದೋಣಿ ನಡೆಸಿದವನೂ ಇಲ್ಲ, ಮಂಟಪದಲ್ಲಿ ಬೆಪ್ಪಾದವನೂ ಇಲ್ಲ.

ಕೃಷ್ಣನಿಗೆ ಮಾತ್ರ ಅದು ತಿಳಿದಿದೆ. ಎನ್.ಟಿ. ರಾಮರಾಯರು ಕೃಷ್ಣನ ಪಾತ್ರಕ್ಕೆ ಮೊದಲು ಹಿಂಜರಿದಿದ್ದರು. ಈ ಚಿತ್ರವಾದ ಮೇಲೆ ಆಂಧ್ರದ ಜನ ಬೇರೆ ಮುಖದ ಕೃಷ್ಣನನ್ನು ಊಹಿಸಲಾರದವರಾದರು. ಅವರ ಮುಗುಳ್ನಗೆಯನ್ನು ಮಗು ತುಂಟತನವೆಂದು ಕಾಣುತ್ತದೆ. ಚಿತ್ರವನ್ನು ಐದನೆಯ ಬಾರಿ ನೋಡುವವರಿಗೆ ಅದರಲ್ಲಿ ಬೇರೇನೋ ಕಾಣುತ್ತದೆ. ಮುಂದಾಗುವುದನ್ನು ಬಲ್ಲ ಮನೆಯ ಹಿರಿಯನೊಬ್ಬ, ತಡೆಯಲಾರದ ಆ ದಿನ ಬರುವುದಕ್ಕೆ ಮುನ್ನ ಮಕ್ಕಳಿಗೆ ಒಂದು ಮದುವೆ, ಒಂದು ಊಟ, ಮನದಣಿಯೆ ಒಂದು ನಗು ಸಿಗಲೆಂದು ಏರ್ಪಾಡು ಮಾಡಿದಂತಿದೆ. ಇಡೀ ಚಿತ್ರದಲ್ಲಿ ಹೆಸರುಳ್ಳ ಒಂದು ಜೀವವೂ ಸಾಯುವುದಿಲ್ಲ; ಸೋತ ಕೌರವರೂ ಪ್ರಾಣದೊಡನೆಯೇ ಊರು ಸೇರುತ್ತಾರೆ. ಸುಭದ್ರೆಯ ಮಾನ ಒಂದು ತೊಟ್ಟು ರಕ್ತ ಹರಿಯದೆ ಮರಳುತ್ತದೆ. ಅಣ್ಣನೂ ಅತ್ತಿಗೆಯೂ ಕಾಡಿಗೇ ಬಂದು ಮದುಮಕ್ಕಳನ್ನು ಹರಸುತ್ತಾರೆ.

ಮದರಾಸಿನ ವಡಪಳನಿಯಲ್ಲಿ ಆ ಮಾಯಾನಗರಿಯನ್ನು ಕಟ್ಟಿದ್ದ ವಿಜಯಾ–ವಾಹಿನಿ ಸ್ಟುಡಿಯೋ ಈಗ ಇಲ್ಲ. ಆ ನೆಲದ ಮೇಲೆ ಆಸ್ಪತ್ರೆ, ಅಂಗಡಿಗಳ ಮಳಿಗೆ, ಕಲ್ಯಾಣಮಂಟಪಗಳು ಎದ್ದಿವೆ. ಮುಹೂರ್ತದ ದಿನಗಳಲ್ಲಿ ಅಲ್ಲಿ ಓಲಗ ಕೇಳಿಸುತ್ತದೆ. ಬೀಗರು ಮುನಿಯುತ್ತಾರೆ, ಸೋದರತ್ತೆಯರನ್ನು ಮುಂದಿನ ಸಾಲಿಗೆ ಕರೆಯಲು ಯಾರೋ ಮರೆಯುತ್ತಾರೆ, ಲಾಡುಗಳ ತಟ್ಟೆ ಒಳಗಿನಿಂದ ಬರುತ್ತದೆ.